ಏಳನೆಯದು

ಫಿಲಡೆಲ್ಫಿಯಾ, ಫೆಬ್ರವರಿ. ಹಳೆಯ ಲೇಸಿನ ಗಿರಣಿಯ
ಮೂರನೆಯ ಮಹಡಿ. ಹೀಟರು ಕೆಮ್ಮುತ್ತದೆ, ಕಾಯುವುದಿಲ್ಲ.
ಗೋಡೆಗೆ ಕಪ್ಪು ಬಳಿದಿದ್ದೇವೆ, ಎರಡು ಸಲ.
ವೆಂಡೆಲ್ ಸೀಮೆಸುಣ್ಣದ ಪುಡಿ ಸವರಿದ ದಾರವನ್ನು
ಬಿಗಿಹಿಡಿದು ಮೀಟಿದಾಗಲೆಲ್ಲ
ಒಂದು ಬಿಳಿಗೆರೆ. ಅವನಪ್ಪ ಬಡಗಿ; ಅದೇ ಕೈ.
ಮಧ್ಯಾಹ್ನಕ್ಕೆ ಗೋಡೆಯೆಲ್ಲ
ಲೆಕ್ಕದ ಪುಸ್ತಕದ ಹಾಳೆ,
ಬರೆಯುವುದಕ್ಕೆ ಒಂದು ಮೈ ಬೇಕಷ್ಟೆ.

ಇದೇ ಊರಿನಲ್ಲಿ, ನೂರನಲವತ್ತು ವರ್ಷದ ಹಿಂದೆ,
ಗಡ್ಡದವನೊಬ್ಬ ಸಾಲುಸಾಲು ಕ್ಯಾಮೆರಾ ಹೂಡಿ
ನಡೆಯುವವರನ್ನು, ನೆಗೆಯುವವರನ್ನು,
ಹೊರೆ ಹೊತ್ತವರನ್ನು, ಹೇಸರಗತ್ತೆಯನ್ನು
ಹೋಳುಹೋಳಾಗಿ ಕೊಯ್ದಿಟ್ಟ.
ಅದಕ್ಕೂ ಮೊದಲು, ಬೇರೆ ಊರಿನಲ್ಲಿ, ಕುದುರೆ:
ಓಡುವಾಗ ನಾಲ್ಕೂ ಗೊರಸು ನೆಲ ಬಿಡುತ್ತವೆಯೇ
ಎಂಬ ಹಣವಂತರ ತಕರಾರು.

ನಮ್ಮ ಹತ್ತಿರ ಕುದುರೆಯಿಲ್ಲ. ಒಡೆಸ್ಸಾ ಇದ್ದಾಳೆ.
ಮೂವತ್ತೊಂದು ವರ್ಷ ಮನೆಮನೆಗೆ ಅಂಚೆ ಹಂಚಿದ ಕಾಲು,
ಹೋದ ಬೇಸಿಗೆಯಲ್ಲಿ ಬಲಸೊಂಟಕ್ಕೆ ಹೊಸ ಲೋಹ.
"ನಾನೇ ಕುದುರೆ," ಅಂದಳು,
"ಲಾಳ ಹೊಡೆಸಿಕೊಂಡೂ ಆಗಿದೆ."

ಆ ಕಾಲದ ಚಿತ್ರಗಳಲ್ಲಿ ಬಹಳ ಜನ ಬತ್ತಲೆ.
ನಮ್ಮ ಹೀಟರು ಅದಕ್ಕೆ ಒಪ್ಪಲಿಲ್ಲ.
ಹಳೆಯ ಕೆಲಸದ ನೀಲಿ ಷರಟು, ಬರಿಗಾಲು,
ಕೈಯಲ್ಲಿ ಕಂಠದವರೆಗೆ ನೀರು ತುಂಬಿದ ಹೂಜಿ.
ಹನ್ನೆರಡು ಕ್ಯಾಮೆರಾ: ನಾಲ್ಕು ನನ್ನವು,
ಮೂರು ಲೋರ್ಕನ್ ಪಾಠ ಹೇಳುವ ಶಾಲೆಯವು,
ಉಳಿದವು ಬೇಡಿ ತಂದವು,
ಅದರಲ್ಲೊಂದರ ಮುಚ್ಚಳ ನಿಂತಿರುವುದು ರಬ್ಬರ್ ಬ್ಯಾಂಡಿನ ದಯೆಯಿಂದ.
ಮೊಣಕಾಲ ಕೆಳಗೆ ಅಡ್ಡಡ್ಡ ಹನ್ನೆರಡು ದಾರ.
ಕಾಲು ತಾಗಿದರೆ ದಾರ ಹರಿದು
ಶಟರು ಬೀಳಬೇಕು.

ಬಿತ್ತು. ಜೋಳದ ಅರಳು ಸಿಡಿದ ಹಾಗೆ,
ಪಟ್ ಪಟ್ ಪಟ್.
ನಡುವೆ ಒಂದು ಕಾಳು ಸಿಡಿಯಲಿಲ್ಲ.

ಕತ್ತಲೆಕೋಣೆಯ ಕೆಂಪಿನಲ್ಲಿ, ತಟ್ಟೆಯ ತಳದಿಂದ
ಒಡೆಸ್ಸಾ ಹನ್ನೊಂದು ಸಲ ಎದ್ದುಬಂದಳು.
ಆರನೆಯದರಲ್ಲಿ ತುಟಿ ಬಿಗಿದಿದೆ,
ಹೂಜಿಯಲ್ಲಿ ನೀರು ತೆಪ್ಪಗಿದೆ.
ಎಂಟನೆಯದರಲ್ಲಿ ನೀರು ಗಾಳಿಯಲ್ಲಿ,
ಒಗೆದು ಕೊಡವಿದ ಬಟ್ಟೆಯ ಹಾಗೆ,
ಬಾಯಿ ಅರೆ ತೆರೆದಿದೆ:
ನಗೆಯ ಬಾಲವೋ, ಗಾಬರಿಯ ಬಾಲವೋ.

ಎಡವಿದಳು, ಅಂದ ವೆಂಡೆಲ್.
ಹೊಸ ಸೊಂಟ ಕೈಕೊಟ್ಟಿತು, ಅಂದ ಲೋರ್ಕನ್.
ಇಲ್ಲ, ಹಾರಿದಳು, ಅಂದಳು ಮಾರಿಸೆಲ್,
ಎರಡೂ ಪಾದ ನೆಲ ಬಿಟ್ಟಿದ್ದವು, ನನ್ನಾಣೆ.
ಮೂವರೂ ಹತ್ತಡಿ ದೂರದಲ್ಲಿದ್ದವರು,
ಎವೆ ಮುಚ್ಚದೆ ನೋಡಿದವರು.
ನಾನು ನೋಡಲಿಲ್ಲ. ಸದ್ದು ಎಣಿಸುತ್ತಿದ್ದೆ.

ಒಡೆಸ್ಸಾಳನ್ನು ಕೇಳಿದೆವು.
"ನನಗೇನು ಗೊತ್ತು," ಅಂದಳು,
"ನಾನು ಒಳಗಿದ್ದೆ."

ಏಳನೆಯದನ್ನು ಬಿಚ್ಚಿ, ಊದಿ, ಸರಿಮಾಡಿ
ಒಂಬತ್ತು ಸಲ ಮತ್ತೆ ನಡೆಸಿದೆವು.
ಒಂಬತ್ತು ಸಲವೂ ಹನ್ನೆರಡಕ್ಕೆ ಹನ್ನೆರಡು.
ಒಂದು ತೊಟ್ಟು ತುಳುಕಲಿಲ್ಲ.
ಏಳು ಎಲ್ಲಿದೆಯೆಂದು ಈಗ ಅವಳ ಕಾಲಿಗೆ ಗೊತ್ತು.
ಖುಷಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ
ಎಂದು ಜನ ಹೇಳಿಕೊಳ್ಳುತ್ತಾರೆ,
ಯಾರೂ ಪುರಾವೆ ಕೇಳುವುದಿಲ್ಲ.
ನಾವು ಕೇಳಿ ಕೆಟ್ಟೆವು.

ರಾತ್ರಿ ಹತ್ತಾಯಿತು. ದೀಪ ಒಂದೊಂದೇ ಆರಿಸುವಾಗ
ಲೋರ್ಕನ್‌ಗೆ ಹೊಳೆಯಿತು:
ಮೊದಲ ಸಲ ನೀರು ಚೆಲ್ಲಿದಲ್ಲಿ, ಸುಣ್ಣದ ಪುಡಿಯಲ್ಲಿ,
ಹೆಜ್ಜೆ ಗುರುತು ಬಿದ್ದಿರಬೇಕಲ್ಲ?

"ಬಿದ್ದಿತ್ತು. ಆಗಲೇ ಒರೆಸಿಬಿಟ್ಟೆ," ಅಂದಳು ಒಡೆಸ್ಸಾ,
"ಯಾರಾದರೂ ಜಾರಿ ಬಿದ್ದಾರು ಅಂತ."
ಒಂದು ಹೆಜ್ಜೆಯೋ, ಎರಡೋ?
ಅವಳು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು,
ಕೆಳಗಿನಿಂದ ಮೇಲಕ್ಕೆ,
ಒಂದನ್ನೂ ಬಿಡದೆ.