ರಸಮಟ್ಟ

ಡಾಕ್ಟರು ಚೀಟಿಯ ಹಿಂದೆ ಬರೆದು ತೋರಿಸಿದರು:
ತೊಟ್ಟಿನ ಮೇಲೆ ಹಿಂದಕ್ಕೆ ವಾಲಿದ ಪೇರಳೆ.
"ಕೆಲವರಿಗೆ ಗರ್ಭಕೋಶ ಹೀಗಿರುತ್ತೆ. ತಪ್ಪೇನಲ್ಲ."

ಮಡಿಕೇರಿಯಲ್ಲಿ ನೆಟ್ಟಗಿರುವುದು ಯಾವುದಿದೆ ಹೇಳಿ?
ರಸ್ತೆಯಿಂದ ಮನೆಗೆ ನಲವತ್ತೊಂದು ಮೆಟ್ಟಿಲು,
ಒಂದೊಂದೂ ಒಂದೊಂದು ಕಡೆಗೆ.
ಒಲೆ ಮೇಲಿನ ಹಾಲೂ ಕಿಟಕಿಯತ್ತಲೇ ಉಕ್ಕುತ್ತದೆ.

ಅತ್ತೆ ಹೇಳಿದರೆಂದು ಬೆಳ್ಯಪ್ಪ
ಮಂಚದ ಕಾಲಡಿ ಎರಡೆರಡು ಇಟ್ಟಿಗೆ ಕೊಟ್ಟ.
ಮೇಸ್ತ್ರಿಯ ಚಾಳಿ: ಪಟ್ಟಿಯ ಮೇಲೆ ರಸಮಟ್ಟ ಇಟ್ಟು
ಗುಳ್ಳೆ ಓಡಿದ್ದು ನೋಡಿ ನಕ್ಕ.
ನಾನೂ ನಕ್ಕೆ, ತಲೆಗೆ ರಕ್ತ ಇಳಿಯುತ್ತ.

ಕಕ್ಕಡದಲ್ಲಿ ಹಿತ್ತಲ ಬರೆ ಜಾರಿತು.
ಅದೇ ವಾರ ನನ್ನದೂ,
ಏಳು ವಾರದ್ದು.
ಬರೆಗೆ ಅವನು ಕಲ್ಲು ಕಟ್ಟಿದ.
ನನಗೇನು ಕಟ್ಟಬೇಕೆಂದು ತಿಳಿಯದೆ
ಬೆಲ್ಲದ ಕಾಫಿ ಮಾಡಿಕೊಟ್ಟ,
ಲೋಟ ತುಂಬ, ತುಳುಕದ ಹಾಗೆ ಹಿಡಿದು.

ಈಗ ಮತ್ತೆ ಕತ್ತಲೆ ಕೋಣೆ, ಹೊಟ್ಟೆ ಮೇಲೆ ತಣ್ಣನೆ ಜೆಲ್ಲಿ.
"ಮೂರು ತುಂಬಿದ ಮೇಲೆ ತಾನೇ ಮೇಲೇಳುತ್ತೆ,
ಸಾಮಾನ್ಯವಾಗಿ," ಅಂದರು ಡಾಕ್ಟರು.
ಆ ಕೊನೆಯ ಪದದ ಮೇಲೆ ನಾನು ಕೂತೇ ಇದ್ದೇನೆ.

ಪರದೆಯಲ್ಲಿ ಗುಳ್ಳೆ.
ನಡುವಿನಲ್ಲಿಲ್ಲ.
ಮೂಲೆಯಲ್ಲಿ, ಗೋಡೆಗೆ ಒರಗಿ,
ಒಳಗೊಂದು ಮಿಣುಕು.
ಬೆಳ್ಯಪ್ಪ ಕುತ್ತಿಗೆ ವಾಲಿಸಿ ನೋಡುತ್ತಾನೆ.
"ಅಲುಗಾಡಬೇಡ," ಅನ್ನುತ್ತಾನೆ ಮೆಲ್ಲಗೆ,
ನನಗೋ, ಅದಕ್ಕೋ.