ನಿಲ್ಲುವ ಲೆಕ್ಕ

ಓಮ್ನಿ ಕೊಂಡದ್ದು ಕಟಪಾಡಿಯ ಲಿಗೋರಿಯಿಂದ;
ಹಿಂದಿನ ಸೀಟಲ್ಲಿ ಇನ್ನೂ ಬಂಗುಡೆ ವಾಸನೆ.

ವೈಪರ್ ನಾನೇ ಹಾಕಿದೆ. ಪ್ಲಗ್ಗಿನ ಮಸಿ
ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜಿದೆ.
ಬಾಗಿಲಡಿಯ ತುಕ್ಕಿಗೆ ಪಾಲಿಶ್ ಪೇಪರು, ಕೆಂಪು ಪ್ರೈಮರು.
ಮಲ್ಪೆಯ ಉಪ್ಪುಗಾಳಿ ಮತ್ತೆ ತಿನ್ನುತ್ತದೆ, ತಿನ್ನಲಿ,
ಆ ಜಗಳ ನಮ್ಮಿಬ್ಬರದು.

ಒಮ್ಮೆ ಧೈರ್ಯ ಬಂದು ಬ್ರೇಕ್ ಡ್ರಮ್ಮನ್ನೂ ಬಿಚ್ಚಿದೆ.
ಸ್ಪ್ರಿಂಗೊಂದು ಹಾರಿ ಬಾವಿಕಟ್ಟೆ ದಾಟಿ
ಗುಳುಂ ಅಂದಿತು.

ಇದಿನಬ್ಬ ಬಂದವ ಬೈಯಲಿಲ್ಲ.
ಉಳಿದ ತುಂಡುಗಳನ್ನು ಗೋಣಿಯ ಮೇಲೆ ಸಾಲಾಗಿಟ್ಟು ಕೇಳಿದ:
'ಇದರಲ್ಲಿ ಯಾರ್ಯಾರು ಕೂರ್ತಾರೆ ಅಕ್ಕ?'
ಮಗಳು, ಅಂದೆ. ನಾದಿನಿ. ಶನಿವಾರ ಡಯಾಲಿಸಿಸ್ಸಿಗೆ
ಪಕ್ಕದ ಮನೆಯ ಸೇಸಪ್ಪಣ್ಣ.

ಕೆಟ್ಟರೆ ದಾರಿಬದಿ ನಿಲ್ಲಿಸುವಂಥದ್ದು ನನ್ನ ಪಾಲು,
ನಿಲ್ಲದೆ ಹೋಗುವಂಥದ್ದು ಅವನದು.

ಸ್ಪ್ರಿಂಗ್ ಇನ್ನೂ ಬಾವಿಯಲ್ಲೇ ಇದೆ.
ಏಪ್ರಿಲಿಗೆ ನೀರಿಳಿದರೆ ಕಾಣಬಹುದು.