ಅರವತ್ತರಲ್ಲಿ ಮೂವತ್ತೇಳನೆಯವಳು

ಒಸಾಕಾದಿಂದ ಹಾಸನಕ್ಕೆ ಬರಲು ಅವಳಿಗೆ
ನಲವತ್ತೊಂದು ದಿನ ಹಿಡಿಯಿತು.
ಸುಂಕದವರು ಪೆಟ್ಟಿಗೆ ಬಿಚ್ಚಿ ಮತ್ತೆ ಅಂಟಿಸಿದ್ದರು.
ಅಂಚೆಯಣ್ಣ ಸಹಿ ಹಾಕಿಸಿಕೊಳ್ಳುತ್ತ, ಅಲುಗಿಸಿ,
‘ಒಳಗೆ ಏನೋ ಮುರಿದಂಗಿದೆ ಸಾರ್’ ಅಂದ.
ಮುರಿದದ್ದಲ್ಲ ಮಾರಾಯ,
ಇನ್ನೂ ಕೂಡದೇ ಇರೋದು.

ಇಪ್ಪತ್ತಾರು ತುಂಡು, ಹಳೇ ದಂತದ ಬಣ್ಣ.
ಒಂದು ಪೊಟ್ಟಣದಲ್ಲಿ ಮೊಣಕಾಲಿನಿಂದ ಕೆಳಗೆ,
ಇನ್ನೊಂದರಲ್ಲಿ ಜಡೆ, ಗಾಳಿಗೆ ಹಾರಿದ್ದು
ಹಾರಿದ ಹಾಗೇ ನಿಂತಿತ್ತು.
ಮುಖ ಮಾತ್ರ ಬೇರೆ, ಹತ್ತಿಯಲ್ಲಿ ಸುತ್ತಿ
ಬೆಂಕಿಪೊಟ್ಟಣದಷ್ಟು ಡಬ್ಬಿಯಲ್ಲಿ.
ಮುಚ್ಚಳದ ಮೇಲೆ ಪೆನ್ಸಿಲಿನಲ್ಲಿ: ೩೭/೬೦.

ಮೂರೇ ಸಂಚಿಕೆಗೆ ನಿಂತುಹೋದ ಒಂದು ಮಾಂಗಾದಲ್ಲಿ
ಅವಳು ದೋಣಿ ನಡೆಸುವವಳು. ನಾಯಕಿಯಲ್ಲ.
ಹನ್ನೊಂದು ಪುಟ ಬಂದು, ಯಾರನ್ನೋ ಹೊಳೆ ದಾಟಿಸಿ,
ಹುಟ್ಟು ಮೇಲೆತ್ತಿ ಹೋಗುತ್ತಾಳೆ.
ಅಷ್ಟಕ್ಕೇ ಅರವತ್ತು ಜನ ಅವಳು ಬೇಕು ಅಂದರು.

ನನ್ನ ಕಸುಬು ಹಲ್ಲು.
ಬಿ.ಎಂ. ರಸ್ತೆ, ಮೊದಲ ಮಹಡಿ, ಕೆಳಗೆ ಝೆರಾಕ್ಸು.
ಡಾಕ್ಟರುಗಳು ಕಳಿಸಿದ ಅಚ್ಚುಗಳು,
ಯಾರದೋ ದವಡೆ, ಯಾರದೋ ಅಂಗುಳ,
ಹೆಸರು ಬರೆಸಿಕೊಂಡು ಕಿಟಕಿಯಲ್ಲಿ ಒಣಗುತ್ತವೆ.
ಹಾಗಾಗಿ ರೆಸಿನ್ ನನಗೆ ಹೊಸದಲ್ಲ:
ಅದರ ಧೂಳು ಎದೆಗೆ ಕೆಟ್ಟದ್ದು, ನೀರು ಹಚ್ಚಿಯೇ ತಿಕ್ಕಬೇಕು,
ಸೋಪಿನಲ್ಲಿ ಜಿಡ್ಡು ತೊಳೆಯದಿದ್ದರೆ ಬಣ್ಣ ಸಿಪ್ಪೆಯೇಳುತ್ತದೆ,
ಬಿಸಿನೀರಿಗೆ ಅದ್ದಿದರೆ
ಡೊಂಕಾದ ಹುಟ್ಟು ಕೂಡ ಮಾತು ಕೇಳುತ್ತದೆ.

ಬೇಲೂರಿನ ಮಾತು ಎತ್ತಬೇಡಿ.
ಬಂದವರೆಲ್ಲ ಎತ್ತುತ್ತಾರೆ, ‘ಹಾಸನದೋರಲ್ವಾ, ರಕ್ತದಲ್ಲೇ ಇದೆ’ ಅಂತ.
ನಮ್ಮಪ್ಪ ಎಪಿಎಂಸಿಯಲ್ಲಿ ಆಲೂಗಡ್ಡೆ ತೂಗುತ್ತಿದ್ದವರು.

ಎಡಗೈಯ ಕಿರುಬೆರಳು ಇರಲಿಲ್ಲ.
ಎರಕದಲ್ಲಿ ಗಾಳಿಗುಳ್ಳೆ ಕೂತು
ಬೆರಳಿದ್ದಲ್ಲಿ ಅಕ್ಕಿಕಾಳಿನಷ್ಟು ಬಯಲು.
ಮಾಡಿದವರಿಗೆ ಬರೆದೆ. ಬಾಗಿ ಬಾಗಿ ಉತ್ತರ ಬರೆದರು:
ಅಚ್ಚು ಅರವತ್ತಕ್ಕೇ ಹರಿಯಿತು, ಕ್ಷಮಿಸಿ.
ಹಲ್ಲಿನ ಪುಡಿ ಇತ್ತು,
ದುದ್ದದ ಸಾಕಮ್ಮಜ್ಜಿಯ ಸೆಟ್ಟಿನ ಮುಂಹಲ್ಲಿಗೆ
ಅಳೆದು ಉಳಿದದ್ದು.
ಅದರಲ್ಲೇ ಬೆರಳು ಮಾಡಿದೆ. ಉಗುರೂ.

ಕಾರಿಗೆ ಬಣ್ಣ ಹೊಡೆಯುವ ಮುನೀರ್
ತನ್ನ ಸಣ್ಣ ಕಂಪ್ರೆಸರ್ ತಂದುಕೊಟ್ಟು, ಮಾತಿಗೆ ಮಾತು ಬಂದು,
‘ನಿಂಗೆ ಅಚ್ಚು ತೆಗೆಯೋಕೆ ಬರುತ್ತಲ್ಲ, ತೆಗೆ. ಇಪ್ಪತ್ತು ಹುಯ್ಯಿ.
ಅರವತ್ತೊಂದನೇದು ಅಂತ ಯಾರಿಗೆ ಗೊತ್ತಾಗುತ್ತೆ?’
ಆ ರಾತ್ರಿ ಸಿಲಿಕೋನಿನ ಡಬ್ಬಿ ತೆರೆದದ್ದು ನಿಜ.
ಸುಳ್ಳು ಯಾಕೆ, ಕಲಸಿದ್ದೂ ನಿಜ.
ಕಡ್ಡಿ ನೆಟ್ಟಿದ್ದು ನೆಟ್ಟಂತೆಯೇ
ಬಟ್ಟಲಲ್ಲಿ ಗಟ್ಟಿಯಾಯಿತು.
ನಾನು ಬೆರಳು ನೋಡುತ್ತ ಕೂತಿದ್ದೆ,
ಉಳಿದ ಐವತ್ತೊಂಬತ್ತು ಮಂದಿಯಲ್ಲಿ
ಯಾರಿಗೂ ಇಲ್ಲದ ಬೆರಳು.

ಚರ್ಮಕ್ಕೆ ಏಳು ಪದರ, ನೀರಿಗಿಂತ ತುಸುವೇ ದಪ್ಪ.
ಕೆನ್ನೆಗೆ ಕೆಂಪು ಹಾಕಿ, ಹೆಚ್ಚಾಯಿತೆಂದು ಒರೆಸಿ,
ಒರೆಸಿದ ಮೇಲೆ ಉಳಿದದ್ದೇ ಸರಿ ಅನ್ನಿಸಿತು.
ಕಣ್ಣಿಗೆ ಮೂರೆಳೆ ಕೂದಲಿನ ಕುಂಚ, ಉಸಿರು ಬಿಗಿಹಿಡಿದು.
ಎಡಗಣ್ಣು ಮುಗಿಯಿತು.
ಬಲಗಣ್ಣಿಗೆ ಕೈಯಿಟ್ಟಾಗ ಕೆಳಗೆ ಸಕಲೇಶಪುರದ ಬಸ್ಸು
ಹಾರನ್ ಹೊಡೆಯಿತು,
ರೆಪ್ಪೆ ಒಂದು ಕೂದಲಷ್ಟು ಮೇಲೆ ಹೋಯಿತು.
ಅಳಿಸಬಹುದಿತ್ತು. ಬಿಟ್ಟೆ.
ಈಗ ಅವಳು, ಯಾರೋ ಆಚೆ ದಡದಿಂದ ಕೂಗಿದ್ದನ್ನು
ಕೇಳಿಸಿಕೊಂಡವಳ ಹಾಗಿದ್ದಾಳೆ.

ಸೆಟ್ಟು ಚುಚ್ಚುತ್ತೆ ಅಂತ ಸಾಕಮ್ಮಜ್ಜಿ
ಡಾಕ್ಟರನ್ನು ದಾಟಿ ನೇರ ಮಹಡಿ ಹತ್ತಿ ಬಂದರು.
ಉಜ್ಜಿ ಕೊಟ್ಟೆ. ಹಾಕಿಕೊಂಡು, ಕಟಕಟ ಕಡಿದು,
ಕಪಾಟಿನ ಗಾಜಿಗೆ ಮುಖ ತಂದರು.
ತಮ್ಮನ್ನೇ ನೋಡಿಕೊಳ್ಳುತ್ತಿದ್ದಾರೆ ಅಂದುಕೊಂಡೆ.
‘ಯಾರ್ಲಾ ಇವ್ಳು?’
ದೋಣಿಯವಳು ಅಜ್ಜಿ.
ಬಹಳ ಹೊತ್ತು ನೋಡಿದರು.
ಮೂಗಿನ ಕೆಳಗೆ ಒಂದು ಗೆರೆ, ಅಷ್ಟೇ ಬಾಯಿ.
‘ಎಲ್ಲಾ ಮಾಡಿದೀಯ ಕಣಪ್ಪ,
ಹಲ್ಲೇ ಇಕ್ಕಿಲ್ವಲ್ಲೋ.’

ನಾನು ಮಾಡಿಕೊಟ್ಟ ಹಲ್ಲಿನಲ್ಲೇ ನಗುತ್ತ
ಇಳಿದು ಹೋದರು, ಒಂದೊಂದೇ ಮೆಟ್ಟಿಲು,
ಎಡಗೈ ಗೋಡೆಗೆ ಕೊಟ್ಟು,
ಕಿರುಬೆರಳು ಮಾತ್ರ ತಾಗಿಸದೆ.